ಅರೆಸ್ಟ್ ಆದವರೆಲ್ಲ ಅಪರಾಧಿಗಳೇ? ಬಂಧನ ದಾಖಲೆ ಹುಡುಕುವ ಮುನ್ನ, ಹುಡುಕಿದ ಮೇಲೆ...



2025ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳು ಅಮೆರಿಕದಲ್ಲಿ ಓದುತ್ತಿದ್ದ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ನಿದ್ದೆಗೆಡಿಸಿದವು. ಬೆಳಗ್ಗೆ ಎದ್ದು ನೋಡಿದರೆ ‘ಸೆವಿಸ್’ ದಾಖಲೆ ರದ್ದು! ಸೆವಿಸ್ ಎಂದರೆ ವಿದ್ಯಾರ್ಥಿ ವೀಸಾದಲ್ಲಿರುವವರ ಲೆಕ್ಕ ಇಡುವ ಸರ್ಕಾರಿ ವ್ಯವಸ್ಥೆ. ಅದರಲ್ಲಿ ಹೆಸರು ಹೋದರೆ ಓದಿಗೂ ಕುತ್ತು, ಕೆಲಸಕ್ಕೂ ಕುತ್ತು. ಹೀಗೆ ತೊಂದರೆಗೆ ಸಿಕ್ಕವರಲ್ಲಿ ಭಾರತದ ಮಕ್ಕಳೂ ಬಹಳ ಮಂದಿ ಇದ್ದರು.

ಇದು ಹೇಗಾಯಿತು ಎಂಬುದು ಆಮೇಲೆ ನ್ಯಾಯಾಲಯದಲ್ಲಿ ಹೊರಬಿತ್ತು. ಅಧಿಕಾರಿಗಳು ಸುಮಾರು 13 ಲಕ್ಷ ವಿದ್ಯಾರ್ಥಿಗಳ ಹೆಸರುಗಳನ್ನು ಎಫ್‌ಬಿಐ ನಡೆಸುವ ಎನ್‌ಸಿಐಸಿ ಎಂಬ ಪೊಲೀಸ್ ಮಾಹಿತಿ ಭಂಡಾರದ ಜೊತೆ ತಾಳೆ ನೋಡಿದ್ದರು. ಸುಮಾರು 6,400 ಹೆಸರುಗಳು ತಾಳೆಯಾಗಿದ್ದವು. ಹೀಗೆ ಸಿಕ್ಕಿಬಿದ್ದವರಲ್ಲಿ ಅನೇಕರ ಮೇಲಿದ್ದದ್ದು ಸಣ್ಣಪುಟ್ಟ ಟ್ರಾಫಿಕ್ ಪ್ರಕರಣ, ಇಲ್ಲವೇ ಎಂದೋ ವಜಾ ಆಗಿಹೋದ ಕೇಸು. ಕೋರ್ಟುಗಳಲ್ಲಿ ಒಂದರ ಹಿಂದೊಂದು ದಾವೆ ಬಿದ್ದು, ನ್ಯಾಯಾಧೀಶರು ತಡೆಯಾಜ್ಞೆ ಕೊಡಲು ಶುರುಮಾಡಿದ ಮೇಲೆ ಏಪ್ರಿಲ್ 25ರಂದು ಸರ್ಕಾರ ಹಿಂದೆ ಸರಿದು, ದಾಖಲೆಗಳನ್ನು ಮತ್ತೆ ಜೀವಂತಗೊಳಿಸುವುದಾಗಿ ಹೇಳಿತು.

ಇಲ್ಲಿ ಸರ್ಕಾರ ಮಾಡಿದ ತಪ್ಪು ಏನು? ಬಂಧನದ ಒಂದು ಸಾಲನ್ನು ಓದಿತು, ಆ ಕೇಸು ಕೊನೆಗೆ ಏನಾಯಿತು ಎಂದು ಓದಲಿಲ್ಲ. ಅಷ್ಟೇ!

ಸರ್ಕಾರವನ್ನು ಬಯ್ಯುವುದು ಸುಲಭ. ಆದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನಾವೂ ಮಾಡುವುದು ಇದನ್ನೇ ಅಲ್ಲವೇ? ಯಾರದೋ ಜೈಲಿನ ಫೋಟೋ ಬಂದ ಕೂಡಲೇ ಮುಂದಿನ ಗುಂಪಿಗೆ ರವಾನೆ. ‘ಅಯ್ಯೋ, ಇವರು ನಮ್ಮವರಂತೆ!’ ಎಂಬ ಒಗ್ಗರಣೆ ಬೇರೆ. ಹೀಗಾಗಿ ಈ ಬಂಧನ ದಾಖಲೆಗಳು ಎಂದರೇನು, ಅವು ಎಲ್ಲಿ ಸಿಗುತ್ತವೆ, ಅವನ್ನು ಓದುವುದು ಹೇಗೆ, ಓದಿ ಏನು ತಿಳಿಯಬೇಕು, ಏನು ತಿಳಿಯಬಾರದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಇವು ಬಹಿರಂಗ ಏಕೆ?

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬಂಧನದ ದಾಖಲೆಯನ್ನು ಬಹಿರಂಗವಾಗಿಡುವುದು ಬಂಧಿತನ ಮಾನ ಕಳೆಯಲಿಕ್ಕಲ್ಲ, ಅವನನ್ನು ಕಾಪಾಡಲಿಕ್ಕೆ. ಪೊಲೀಸರು ಒಬ್ಬ ಮನುಷ್ಯನನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ, ಎಲ್ಲಿಟ್ಟಿದ್ದೇವೆ ಎಂದು ಹೇಳದೇ ಇರುವಂತಾಗಬಾರದು. ಯಾರನ್ನು, ಯಾವಾಗ, ಯಾವ ಕಾರಣಕ್ಕೆ ಹಿಡಿದರು ಎಂಬುದು ಊರಿಗೆ ತಿಳಿದಿರಬೇಕು.

ನಮ್ಮ ನಾಡಿನ ಕಾನೂನೂ ಇದೇ ದಾರಿಯಲ್ಲಿ ಬಂದಿದೆ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧಿತನ ಮನೆಯವರಿಗೆ ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸಲೇಬೇಕು ಎಂದಿತು. 2016ರಲ್ಲಿ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕು ಎಂದು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿತರ ವಿವರವನ್ನು ಪೊಲೀಸ್ ಠಾಣೆಗಳಲ್ಲಿ ಪ್ರದರ್ಶಿಸಬೇಕು.

ಅಮೆರಿಕದಲ್ಲಿ ಈ ಕೆಲಸವನ್ನು ಆಯಾ ರಾಜ್ಯದ ಕಾನೂನು ಮಾಡುತ್ತದೆ. ನ್ಯೂಜೆರ್ಸಿಯ ‘ಓಪ್ರಾ’ ಕಾನೂನಿನ ಪ್ರಕಾರ ಬಂಧನದ ಮೂಲ ವಿವರಗಳನ್ನು, ಕೇಳಿದ 24 ಗಂಟೆಯೊಳಗೆ ಅಥವಾ ಸಾಧ್ಯವಾದಷ್ಟು ಬೇಗ ಕೊಡಬೇಕು. ಕ್ಯಾಲಿಫೋರ್ನಿಯದಲ್ಲಿ ಬಂಧಿತನ ಹೆಸರು, ಉದ್ಯೋಗ, ಹುಟ್ಟಿದ ದಿನ, ಬಂಧನದ ಸಮಯ ಮತ್ತು ಸ್ಥಳ, ಜಾಮೀನಿನ ಮೊತ್ತ, ಆಪಾದನೆ ಇವೆಲ್ಲ ಬಹಿರಂಗ. ಫ್ಲಾರಿಡಾ ಇನ್ನೂ ಧಾರಾಳ. ಆದರೆ ಎಲ್ಲ ಕಡೆಯೂ ಒಂದು ಗೆರೆ ಇದೆ. 18 ವರ್ಷದೊಳಗಿನ ಮಕ್ಕಳ ದಾಖಲೆಗಳನ್ನು ಸಾಮಾನ್ಯವಾಗಿ ಗುಟ್ಟಾಗಿಯೇ ಇಡುತ್ತಾರೆ.

ಎಲ್ಲಿ ಹುಡುಕಬೇಕು?

‘ಅಮೆರಿಕದ ಪೊಲೀಸ್’ ಎಂಬ ಒಂದೇ ಇಲಾಖೆ ಇಲ್ಲ ಎಂಬುದನ್ನು ನೆನಪಿಡಿ. ಊರಿನ ಪೊಲೀಸರು ಹಿಡಿಯುತ್ತಾರೆ, ಕೌಂಟಿಯ ಜೈಲಿನಲ್ಲಿ ಇಡುತ್ತಾರೆ, ಕೌಂಟಿಯಲ್ಲಿರುವ ನ್ಯಾಯಾಲಯ ವಿಚಾರಣೆ ಮಾಡುತ್ತದೆ. ಆದ್ದರಿಂದ ಮೊದಲ ಪ್ರಶ್ನೆ: ಬಂಧನ ನಡೆದದ್ದು ಯಾವ ಕೌಂಟಿಯಲ್ಲಿ? ವಾಸದ ಮನೆ ಯಾವ ಕೌಂಟಿಯದು ಎಂಬುದು ಇಲ್ಲಿ ಮುಖ್ಯವಲ್ಲ.

ಬೇ ಏರಿಯಾದವರಿಗೆ ಒಂದು ಉದಾಹರಣೆ. ಫ್ರೀಮಾಂಟ್ ಮತ್ತು ಮಿಲ್ಪಿಟಾಸ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಆದರೆ ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಆ ಕೌಂಟಿಯ ಜೈಲು ಡಬ್ಲಿನ್ ಊರಿನ ಸಾಂಟಾ ರೀಟಾದಲ್ಲಿದೆ. ಮಿಲ್ಪಿಟಾಸ್, ಸನಿವೇಲ್, ಕುಪರ್ಟಿನೊ ಎಲ್ಲ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದವು. ಅದರ ಮುಖ್ಯ ಜೈಲು ಸ್ಯಾನ್ ಹೋಸೆಯಲ್ಲಿ. ರಸ್ತೆಯ ಆಚೆ ಬದಿಗೆ ಹಿಡಿದರೆ ಒಂದು ಕಡೆ, ಈಚೆ ಬದಿಗೆ ಹಿಡಿದರೆ ಇನ್ನೊಂದು ಕಡೆ! ತಪ್ಪು ಕೌಂಟಿಯಲ್ಲಿ ಹುಡುಕಿ ‘ಹೆಸರೇ ಇಲ್ಲ’ ಎಂದು ಗಾಬರಿ ಪಡುವ ಮೊದಲು ಇದನ್ನು ನೋಡಿಕೊಳ್ಳಿ.

ಹುಡುಕುವ ಕ್ರಮ ಹೀಗೆ.

ಒಂದು, ಕೌಂಟಿ ಜೈಲಿನ ಕೈದಿಗಳ ಪಟ್ಟಿ. ಬಹುಪಾಲು ಕೌಂಟಿಗಳಲ್ಲಿ ಶೆರಿಫ್ ಇಲಾಖೆಯ ತಾಣದಲ್ಲಿ ‘ಇನ್‌ಮೇಟ್ ಲೊಕೇಟರ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಇದಕ್ಕೆ ದುಡ್ಡಿಲ್ಲ. ಬಂಧಿಸಿದ ಕೂಡಲೇ ಹೆಸರು ಕಾಣಿಸುವುದಿಲ್ಲ. ಬೆರಳಚ್ಚು, ಫೋಟೋ ಎಲ್ಲ ಮುಗಿಯಲು ಹಲವು ಗಂಟೆ ಬೇಕಾಗಬಹುದು. ಬಿಡುಗಡೆಯಾದ ಮೇಲೆ ಅನೇಕ ಕಡೆ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ.

ಎರಡು, ನ್ಯಾಯಾಲಯದ ಕೇಸಿನ ಹುಡುಕಾಟ. ಅಸಲು ಮಾಹಿತಿ ಇರುವುದು ಇಲ್ಲೇ. ಕ್ಯಾಲಿಫೋರ್ನಿಯದಲ್ಲಿ ಕೌಂಟಿಯ ಸುಪೀರಿಯರ್ ಕೋರ್ಟಿನ ತಾಣದಲ್ಲಿ ಕೇಸಿನ ಸೂಚಿ ಮತ್ತು ದಿನಾಂಕಗಳು ಸಿಗಬಹುದು. ಕ್ರಿಮಿನಲ್ ಕೇಸಿನ ಕಾಗದಗಳನ್ನು ಓದಬೇಕೆಂದರೆ ಸಾಮಾನ್ಯವಾಗಿ ಕೋರ್ಟಿಗೇ ಹೋಗಬೇಕು. ನ್ಯೂಜೆರ್ಸಿಯಲ್ಲಿ ಸಣ್ಣ ಪ್ರಕರಣಗಳು ಊರಿನ ಮುನಿಸಿಪಲ್ ಕೋರ್ಟಿಗೆ, ದೊಡ್ಡವು ಸುಪೀರಿಯರ್ ಕೋರ್ಟಿಗೆ ಹೋಗುತ್ತವೆ. ಎಡಿಸನ್ನಿನಲ್ಲಿ ನಡೆದದ್ದನ್ನು ಒಂದರಲ್ಲಿ ಹುಡುಕಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ.

ಮೂರು, ಫೆಡರಲ್ ಪ್ರಕರಣ. ವೀಸಾ ವಂಚನೆ, ತೆರಿಗೆ, ಅಂತರ್ಜಾಲ ವಂಚನೆ ಮುಂತಾದವು ಅನೇಕ ವೇಳೆ ಇಲ್ಲಿಗೆ ಬರುತ್ತವೆ. ಇದಕ್ಕೆ ‘ಪೇಸರ್’ ಎಂಬ ವ್ಯವಸ್ಥೆ ಇದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಅದೂ ಮನ್ನಾ.

ನಾಲ್ಕು, ವಲಸೆ ಇಲಾಖೆಯ ಬಂಧನ. ‘ಐಸ್’ ವಶದಲ್ಲಿರುವವರನ್ನು ಹುಡುಕಲು 2010ರಿಂದ ಬೇರೆಯದೇ ತಾಣವಿದೆ. ಏಲಿಯನ್ ನಂಬರ್ ಮತ್ತು ಹುಟ್ಟಿದ ದೇಶ, ಇಲ್ಲವೇ ಪೂರ್ತಿ ಹೆಸರು ಮತ್ತು ಹುಟ್ಟಿದ ದೇಶ ಕೊಡಬೇಕು. ಹೆಸರಿನ ಒಂದಕ್ಷರ ತಪ್ಪಿದರೂ ಸಿಗುವುದಿಲ್ಲ.

ಹೆಸರಿನ ಗೋಜಲು

ಹೆಸರಿನ ಮಾತು ಬಂದಾಗ ಕನ್ನಡಿಗರ ಕಷ್ಟ ಕೇಳಬೇಡಿ! ಒಬ್ಬರಿಗೆ ಊರಿನ ಹೆಸರು ಕೊನೆಯ ಹೆಸರು, ಇನ್ನೊಬ್ಬರಿಗೆ ಅಪ್ಪನ ಹೆಸರು, ಮತ್ತೊಬ್ಬರಿಗೆ ಬರೀ ಇನಿಷಿಯಲ್. ಗೌಡ ಎಂಬುದನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತೇವೆ. ಶೆಟ್ಟಿ, ಶ್ರೀನಿವಾಸ, ಲಕ್ಷ್ಮಿ ಎಲ್ಲದರ ಕಥೆಯೂ ಅಷ್ಟೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಮೊದಲ ಹೆಸರಿನ ಜಾಗದಲ್ಲಿ ಇಲ್ಲಿನ ದಾಖಲೆಗಳು ‘ಎಫ್‌ಎನ್‌ಯು’ ಎಂದು ಬರೆಯುತ್ತವೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ.

ಇದರಿಂದ ಎರಡು ಅಪಾಯ. ನಮ್ಮವರನ್ನು ಹುಡುಕುವಾಗ ಸಿಗದೇ ಹೋಗಬಹುದು. ಅಥವಾ ಯಾರೋ ಕುಮಾರ್, ಯಾರೋ ರಾವ್ ಸಿಕ್ಕಿ ಅವರನ್ನೇ ನಮ್ಮ ಪರಿಚಯದವರೆಂದು ತಿಳಿಯಬಹುದು. ಹುಟ್ಟಿದ ದಿನ ತಾಳೆ ನೋಡದೆ ಹೆಸರನ್ನು ಮಾತ್ರ ನಂಬಬೇಡಿ. ಕ್ಯಾಲಿಫೋರ್ನಿಯದಲ್ಲಿ 2021ರ ಒಂದು ತೀರ್ಪಿನ ನಂತರ ನ್ಯಾಯಾಲಯದ ಸೂಚಿಗಳಲ್ಲಿ ಹುಟ್ಟಿದ ದಿನ ಕೊಟ್ಟು ಹುಡುಕುವ ಸೌಲಭ್ಯವನ್ನೇ ತೆಗೆದರು. ಹಾಗಾಗಿ ಅಲ್ಲಿ ಇನ್ನೂ ಎಚ್ಚರ ಬೇಕು. ಮದುವೆ ಸಂಬಂಧ ನೋಡುವಾಗ ಹುಡುಗನ, ಹುಡುಗಿಯ ಹೆಸರನ್ನು ಅಂತರ್ಜಾಲಕ್ಕೆ ಹಾಕಿ ನೋಡುವ ಹಿರಿಯರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಓದುವುದು ಹೇಗೆ?

ಜೈಲಿನ ಪಟ್ಟಿಯಲ್ಲಿ ಹೆಸರಿನ ಮುಂದೆ ಕಾಣುವ ಆಪಾದನೆಗಳು ಬಂಧಿಸಿದ ಪೊಲೀಸರ ಅಂದಾಜು. ನಿಜವಾದ ದೋಷಾರೋಪಣೆ ಯಾವುದು ಎಂದು ನಿರ್ಧರಿಸುವವರು ಸರ್ಕಾರಿ ವಕೀಲರು, ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿ ಅಥವಾ ಪ್ರಾಸಿಕ್ಯೂಟರ್. ಅವರು ಆಪಾದನೆ ಕಡಿಮೆ ಮಾಡಬಹುದು, ಬದಲಿಸಬಹುದು, ಕೇಸೇ ಬೇಡ ಎನ್ನಬಹುದು.

ಸಂಖ್ಯೆಗಳನ್ನು ಕಂಡು ಹೆದರಬೇಡಿ. ಕ್ಯಾಲಿಫೋರ್ನಿಯದಲ್ಲಿ ‘ವಿಸಿ 23152’ ಎಂದರೆ ಕುಡಿದು ಕಾರು ಓಡಿಸಿದ ಆಪಾದನೆ. ‘ಪಿಸಿ 459’ ಎಂದರೆ ಬರ್ಗ್ಲರಿ. ಬರ್ಗ್ಲರಿ ಎಂದ ಕೂಡಲೇ ಮನೆಗೆ ಕನ್ನ ಹಾಕಿದವನು ಎಂದುಕೊಳ್ಳಬಾರದು. ಕದಿಯುವ ಉದ್ದೇಶದಿಂದ ಅಂಗಡಿಯೊಳಗೆ ಹೋದದ್ದೂ ಅದರಡಿ ಬರಬಹುದು. 2014ರಿಂದ, ತೆರೆದಿರುವ ಅಂಗಡಿಯಲ್ಲಿ 950 ಡಾಲರ್ ಮೀರದ ಮಾಲಿನ ಕಳವಿಗೆ ‘459.5’ ಎಂಬ ಬೇರೆ ಕಲಮು ಇದೆ, ಅದು ಸಾಮಾನ್ಯವಾಗಿ ಸಣ್ಣ ಅಪರಾಧ. ಒಂದು ಚುಕ್ಕಿ, ಒಂದು ಅಂಕಿಯಿಂದ ಅರ್ಥ ಎಷ್ಟು ಬದಲಾಯಿತು ನೋಡಿ! ಇಲ್ಲಿ ಸಣ್ಣ ಅಪರಾಧಕ್ಕೆ ‘ಮಿಸ್‌ಡಿಮೀನರ್’ ಎನ್ನುತ್ತಾರೆ, ದೊಡ್ಡದಕ್ಕೆ ‘ಫೆಲನಿ’. ನ್ಯೂಜೆರ್ಸಿಯಲ್ಲಿ ಈ ಎರಡು ಪದಗಳೇ ಬಳಕೆಯಲ್ಲಿಲ್ಲ. ಅಲ್ಲಿ ಸಣ್ಣದು ‘ಡಿಸಾರ್ಡರ್ಲಿ ಪರ್ಸನ್ಸ್’ ಪ್ರಕರಣ.

ಎಲ್ಲಕ್ಕಿಂತ ಮುಖ್ಯವಾದ ಪದ ‘ಡಿಸ್ಪೊಸಿಷನ್’. ಕೇಸು ಹೇಗೆ ಮುಗಿಯಿತು ಎಂಬುದು ಅದರಲ್ಲಿರುತ್ತದೆ. ‘ಡಿಸ್ಮಿಸ್ಡ್’ ಎಂದರೆ ವಜಾ. ‘ನೋಲೆ ಪ್ರಾಸೆಕ್ವಿ’ ಎಂದಿದ್ದರೆ ಸರ್ಕಾರಿ ವಕೀಲರೇ ಕೈಬಿಟ್ಟರು. ‘ಅಕ್ವಿಟೆಡ್’ ಎಂದರೆ ಖುಲಾಸೆ. ‘ಪೆಂಡಿಂಗ್’ ಎಂದರೆ ಇನ್ನೂ ನಡೆಯುತ್ತಿದೆ. ‘ಕನ್ವಿಕ್ಟೆಡ್’ ಎಂದಿದ್ದರೆ ಮಾತ್ರ ಅಪರಾಧಿ. ಈ ಕಾಲಂ ಖಾಲಿ ಇದ್ದರೆ ನೀವು ಓದುತ್ತಿರುವುದು ಅರ್ಧ ದಾಖಲೆ. ಕ್ಯಾಲಿಫೋರ್ನಿಯದ ಕಾನೂನಂತೂ, ದೋಷಾರೋಪಣೆಯೇ ಇಲ್ಲದೆ ಬಿಟ್ಟುಕಳಿಸಿದರೆ ಅದನ್ನು ಬಂಧನ ಎಂದು ಪರಿಗಣಿಸಬಾರದು, ಬರೀ ತಡೆದು ನಿಲ್ಲಿಸಿದ್ದು ಎಂದೇ ತಿಳಿಯಬೇಕು ಎನ್ನುತ್ತದೆ.

ಖಾಸಗಿ ತಾಣಗಳ ದಂಧೆ

ಹೆಸರು ಗೂಗಲ್ ಮಾಡಿದರೆ ಮೊದಲು ಬರುವುದು ಸರ್ಕಾರಿ ತಾಣವಲ್ಲ, ಅನೇಕ ವೇಳೆ ಖಾಸಗಿಯವರದು. ಇವರು ಕೌಂಟಿಗಳಿಂದ ಫೋಟೋ, ಆಪಾದನೆ ಎತ್ತಿಕೊಂಡು ಹಾಕುತ್ತಾರೆ. ಕೇಸು ವಜಾ ಆದರೆ ತಿದ್ದುವ ಗೋಜಿಗೆ ಹೋಗುವುದಿಲ್ಲ. ಹಿಂದೆ ಫೋಟೋ ತೆಗೆಯಲು ದುಡ್ಡು ಕೇಳುವುದೇ ಒಂದು ವ್ಯಾಪಾರವಾಗಿತ್ತು. 2018ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಅಂಥ ಒಂದು ತಾಣದ ಮಾಲೀಕರೆನ್ನಲಾದವರ ಮೇಲೆ ಸುಲಿಗೆಯ ಆಪಾದನೆ ಹೊರಿಸಿತು. ಜಾರ್ಜಿಯಾ, ಕ್ಯಾಲಿಫೋರ್ನಿಯ, ಫ್ಲಾರಿಡಾ ಮುಂತಾದ ರಾಜ್ಯಗಳು ಹೀಗೆ ದುಡ್ಡು ಕೇಳುವುದನ್ನು ಕಾನೂನಿನಿಂದ ತಡೆದಿವೆ. ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರು 2020ರಲ್ಲಿ ಇಂಥ ಫೋಟೋಗಳನ್ನು ವಿಶೇಷ ಕಾರಣವಿಲ್ಲದೆ ಬಿಡುಗಡೆ ಮಾಡುವುದನ್ನೇ ನಿಲ್ಲಿಸಿದರು. ಆದ್ದರಿಂದ ಯಾರಾದರೂ ದುಡ್ಡು ಕೇಳಿದರೆ ಕೊಡುವ ಮುನ್ನ ವಕೀಲರನ್ನು ಕೇಳಿ.

‘ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ, ಜಾಮೀನಿಗೆ ಈಗಲೇ ಗಿಫ್ಟ್ ಕಾರ್ಡ್ ಕೊಡಿ’ ಎಂಬ ಫೋನ್ ಬಂದರೆ ಅದು ಮೋಸವೇ. ಈಗ ಮಗನ ದನಿಯನ್ನೇ ಅನುಕರಿಸುವ ತಂತ್ರಜ್ಞಾನ ಬೇರೆ ಬಂದಿದೆ. ಫೋನ್ ಇಟ್ಟು, ಮಗನಿಗೇ ಕರೆ ಮಾಡಿ. ನಂತರ ಕೌಂಟಿಯ ಪಟ್ಟಿ ನೋಡಿ. ಬಹಿರಂಗ ದಾಖಲೆಯಿಂದ ಇಂಥ ಉಪಕಾರವೂ ಇದೆ.

ಕೆಲಸಕ್ಕೆ ಏನಾಗುತ್ತದೆ?

ಬಂಧನವೊಂದೇ ಅಪರಾಧ ನಡೆದದ್ದಕ್ಕೆ ಪುರಾವೆಯಲ್ಲ ಎಂದು ಫೆಡರಲ್ ಉದ್ಯೋಗ ಸಮಾನತೆ ಆಯೋಗ 2012ರಲ್ಲೇ ಉದ್ಯೋಗದಾತರಿಗೆ ತಿಳಿಸಿದೆ. ಹಿನ್ನೆಲೆ ಪರೀಕ್ಷೆ ಮಾಡುವ ಕಂಪನಿಗಳು, ಶಿಕ್ಷೆಯಲ್ಲಿ ಮುಗಿಯದ ಏಳು ವರ್ಷಕ್ಕಿಂತ ಹಳೆಯ ಬಂಧನಗಳನ್ನು ವರದಿ ಮಾಡಬಾರದು ಎಂಬ ಫೆಡರಲ್ ನಿಯಮವೂ ಇದೆ. ಆದರೆ ವರ್ಷಕ್ಕೆ 75,000 ಡಾಲರ್ ಅಥವಾ ಹೆಚ್ಚಿನ ಸಂಬಳದ ಕೆಲಸಕ್ಕೆ ಈ ಮಿತಿ ಇಲ್ಲ. ನಮ್ಮ ಐಟಿ ಬಂಧುಗಳಲ್ಲಿ ಬಹಳ ಮಂದಿ ಈ ಸಾಲಿಗೇ ಸೇರುತ್ತಾರೆ! ಕೆಲವು ರಾಜ್ಯಗಳ ಕಾನೂನು ಇದಕ್ಕಿಂತ ಬಿಗಿ. ವರದಿ ನೋಡಿ ಕೆಲಸ ಕೊಡುವುದಿಲ್ಲ ಎನ್ನುವ ಮುಂಚೆ ಆ ವರದಿಯ ಪ್ರತಿಯನ್ನು ನಿಮಗೆ ಕೊಡಬೇಕು. ತಪ್ಪಿದ್ದರೆ ತಕರಾರು ಹಾಕುವ ಹಕ್ಕು ನಿಮ್ಮದು. ನಿಮ್ಮ ಹೆಸರಿನ ಮೇಲೆ ಏನಿದೆ ಎಂದು ತಿಳಿಯಲು ಎಫ್‌ಬಿಐಗೆ ಬೆರಳಚ್ಚು ಮತ್ತು 18 ಡಾಲರ್ ಕಳಿಸಿ ನಿಮ್ಮದೇ ದಾಖಲೆ ತರಿಸಿಕೊಳ್ಳಬಹುದು.

ವೀಸಾ, ಗ್ರೀನ್ ಕಾರ್ಡ್

ಇಲ್ಲಿನ ಪ್ರಜೆಗಳಿಗೂ ನಮಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ನೆರೆಮನೆಯ ಅಮೆರಿಕನ್ನರಿಗೆ ದಂಡ ಕಟ್ಟಿ ಮರೆಯುವ ವಿಷಯವಾದದ್ದು ನಮಗೆ ಹಾಗಾಗದು.

2015ರಿಂದ, ಕುಡಿದು ಕಾರು ಓಡಿಸಿದ ಆಪಾದನೆಯಲ್ಲಿ ಬಂಧನವಾದರೆ, ಶಿಕ್ಷೆ ಆಗದಿದ್ದರೂ, ಅಮೆರಿಕದ ವಿದೇಶಾಂಗ ಇಲಾಖೆ ವೀಸಾವನ್ನು ರದ್ದು ಮಾಡಬಹುದು. ಇದರಿಂದ ಇಲ್ಲಿನ ವಾಸದ ಸ್ಟೇಟಸ್ ತಾನಾಗಿ ಮುಗಿಯುವುದಿಲ್ಲ. ಆದರೆ ಊರಿಗೆ ಹೋದರೆ ಹೊಸ ವೀಸಾ ಇಲ್ಲದೆ ವಾಪಸು ಬರುವಂತಿಲ್ಲ. ಹಲ್ಲೆ, ಕಳವು ಮಾಡಿದರೆ ವೀಸಾ ರದ್ದಾಗಬಹುದು ಎಂದು ಭಾರತದಲ್ಲಿನ ಅಮೆರಿಕದ ರಾಯಭಾರ ಕಚೇರಿ 2025ರ ಜುಲೈಯಲ್ಲಿ ಬಹಿರಂಗವಾಗಿಯೇ ಎಚ್ಚರಿಸಿತು.

ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲ ಅರ್ಜಿಗಳಲ್ಲೂ ‘ಎಂದಾದರೂ ಬಂಧನವಾಗಿದೆಯೇ’ ಎಂಬ ಪ್ರಶ್ನೆ ಇದೆ. ವಜಾ ಆಗಿದ್ದರೂ, ರಾಜ್ಯದ ಕೋರ್ಟು ದಾಖಲೆಯನ್ನು ಮುಚ್ಚಿದ್ದರೂ ನಿಜವನ್ನೇ ಹೇಳಬೇಕು. ಮುಚ್ಚಿಟ್ಟರೆ ಸಣ್ಣ ಕೇಸಿಗಿಂತ ಆ ಸುಳ್ಳೇ ದೊಡ್ಡದಾಗುತ್ತದೆ. ಆದ್ದರಿಂದ ದಾಖಲೆ ಮುಚ್ಚಿಸಲು ಅರ್ಜಿ ಹಾಕುವ ಮುಂಚೆ ಡಿಸ್ಪೊಸಿಷನ್ನಿನ ಪ್ರಮಾಣಿತ ಪ್ರತಿಗಳನ್ನು, ಒಂದಲ್ಲ ನಾಲ್ಕಾರು, ತೆಗೆದಿಟ್ಟುಕೊಳ್ಳಿ. ಆಮೇಲೆ ಕೋರ್ಟಿನಲ್ಲಿ ಸಿಗುವುದು ಕಷ್ಟವಾಗಬಹುದು.

ಇನ್ನೊಂದು ಗುಂಡಿ ಇದೆ. ‘ತಪ್ಪೊಪ್ಪಿಕೊಳ್ಳಿ, ಕ್ಲಾಸಿಗೆ ಹೋಗಿ ಬನ್ನಿ, ಕೇಸು ವಜಾ ಮಾಡುತ್ತೇವೆ’ ಎಂಬ ಒಪ್ಪಂದ ರಾಜ್ಯದ ಲೆಕ್ಕದಲ್ಲಿ ವಜಾ ಆದರೂ ವಲಸೆ ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯೇ ಆಗಬಹುದು. 2010ರ ಪಡಿಯಾ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ವಕೀಲರು ಕಕ್ಷಿದಾರರಿಗೆ ತಿಳಿಸಲೇಬೇಕು ಎಂದಿದೆ. ಸಹಿ ಹಾಕುವ ಮುಂಚೆ ‘ನನ್ನ ವೀಸಾಕ್ಕೆ ಏನಾಗುತ್ತದೆ’ ಎಂದು ಬಾಯಿಬಿಟ್ಟು ಕೇಳಿ.

ನಮ್ಮವರೇ ಸಿಕ್ಕಿಕೊಂಡಾಗ

ಮೊದಲು ಕೌಂಟಿ, ಬುಕಿಂಗ್ ನಂಬರ್, ಕೋರ್ಟಿನ ಮುಂದಿನ ದಿನಾಂಕ ಈ ಮೂರನ್ನು ಬರೆದುಕೊಳ್ಳಿ. ವಕೀಲರು ಬರುವವರೆಗೆ ಘಟನೆಯ ಬಗ್ಗೆ ಮಾತು ಬೇಡ. ಜೈಲಿನ ಫೋನ್ ಕರೆಗಳು ಸಾಮಾನ್ಯವಾಗಿ ರೆಕಾರ್ಡ್ ಆಗುತ್ತವೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡರೆ ಕೆಟ್ಟಿರಿ, ಅನುವಾದಕರು ಸಿಗುತ್ತಾರೆ! ವಿದೇಶಿ ಪ್ರಜೆಯನ್ನು ಬಂಧಿಸಿದರೆ ಅವರ ದೇಶದ ಕಾನ್ಸುಲೇಟಿಗೆ ತಿಳಿಸುವ ಹಕ್ಕು ವಿಯೆನ್ನಾ ಒಪ್ಪಂದದಲ್ಲಿದೆ. ಆದರೆ ಭಾರತೀಯರ ವಿಷಯದಲ್ಲಿ ಅದು ತಾನಾಗಿ ಆಗುವುದಿಲ್ಲ, ಬಂಧಿತರು ಕೇಳಬೇಕು. ಜಾಮೀನು ಕೊಡಿಸುವ ಏಜೆಂಟರಿಗೆ ಕಟ್ಟುವ ಸುಮಾರು ಹತ್ತನೇ ಒಂದು ಭಾಗ ಶುಲ್ಕ ಮರಳಿ ಬರುವುದಿಲ್ಲ ಎಂಬುದೂ ತಿಳಿದಿರಲಿ.

ಮನೆಯ ಜಗಳ ಹಲ್ಲೆಗೆ ತಿರುಗಿದ ಪ್ರಕರಣಗಳಲ್ಲಿ ದಾಖಲೆಯ ಇನ್ನೊಂದು ಮುಖ ಕಾಣುತ್ತದೆ. 1993ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಒಬ್ಬ ಯುವತಿಯನ್ನು ಅವಳ ಹಳೆಯ ಗೆಳೆಯ ಕೊಂದ. ಅವನು ಜೈಲಿನಿಂದ ಹೊರಬಂದದ್ದು ಅವಳಿಗೆ ತಿಳಿದೇ ಇರಲಿಲ್ಲ. ಆ ಸಾವಿನಿಂದ ಹುಟ್ಟಿದ್ದು ‘ವೈನ್’ ವ್ಯವಸ್ಥೆ. ಈಗ ಬಹುಪಾಲು ರಾಜ್ಯಗಳಲ್ಲಿದೆ. ಹೆಸರು ನೋಂದಾಯಿಸಿದರೆ ಕೈದಿ ಬಿಡುಗಡೆಯಾದಾಗ ಉಚಿತವಾಗಿ ಸುದ್ದಿ ಬರುತ್ತದೆ. ಮನೆಯಲ್ಲಿ ಪೆಟ್ಟು ತಿಂದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಅವಶ್ಯ ತಿಳಿಸಿ. ಊರವರ ಕುತೂಹಲಕ್ಕಿಂತ ಅವರ ಸುರಕ್ಷತೆಗೆ ಈ ದಾಖಲೆಗಳು ಹೆಚ್ಚು ಬೇಕು.

ಕೊನೆಯ ಮಾತು

ಬಂಧನ ದಾಖಲೆಗಳು ಬಹಿರಂಗವಾಗಿಯೇ ಇರಲಿ, ಇರಬೇಕು. ಆದರೆ 2025ರಲ್ಲಿ ದೊಡ್ಡ ಸರ್ಕಾರವೇ ಮೊದಲ ಸಾಲು ಓದಿ ಎಡವಿತು ಎಂದ ಮೇಲೆ, ಕೈಯಲ್ಲೊಂದು ಫೋನ್ ಇರುವ ನಾವು ಎಷ್ಟು ಎಚ್ಚರದಿಂದಿರಬೇಕು ಯೋಚಿಸಿ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮುಂದಿನ ಸಲ ಗುಂಪಿನಲ್ಲಿ ಯಾರದಾದರೂ ಜೈಲಿನ ಫೋಟೋ ಬಂದರೆ ‘ಡಿಸ್ಪೊಸಿಷನ್ ಏನಾಯಿತು?’ ಎಂದು ಒಂದು ಪ್ರಶ್ನೆ ಕೇಳಿ. ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಆ ಫೋಟೋದಲ್ಲಿರುವವರಿಗೆ ಮಕ್ಕಳಿರಬಹುದು. ಆ ಮಕ್ಕಳು ನಾಳೆ ನಮ್ಮ ಕನ್ನಡ ಶಾಲೆಯಲ್ಲಿ ನಮ್ಮ ಮಕ್ಕಳ ಪಕ್ಕದಲ್ಲೇ ಕೂರಬೇಕು.

(ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು, ಕಾನೂನು ಸಲಹೆಯಲ್ಲ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ನಿಮ್ಮ ವಿಷಯಕ್ಕೆ ಕ್ರಿಮಿನಲ್ ವಕೀಲರನ್ನೂ ವಲಸೆ ವಕೀಲರನ್ನೂ ತಪ್ಪದೆ ಕಾಣಿರಿ.)